ಅಂಚಿಲ್ಲದ ಬಟ್ಟೆ

ಹೆಂಡತಿ ಸೂರಮ್ಮ ತೀರಿಕೊಂಡ ಮೇಲೆ ಕಲ್ಲೇಶಪ್ಪ ಅಂಚಿನ ಸೀರೆ ನೇಯುವುದನ್ನು ಬಿಟ್ಟ. ಬಿಟ್ಟ ಅನ್ನುವುದಕ್ಕಿಂತ, ಅದು ಅವನೊಬ್ಬನಿಂದ ಆಗುತ್ತಿರಲಿಲ್ಲ. ಮೊಳಕಾಲ್ಮೂರಿನ ದೊಡ್ಡಂಚಿನ ಸೀರೆಗೆ ಒಡಲಿಗೊಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ ಓಡಬೇಕು. ಒಬ್ಬರು ಮಗ್ಗದಲ್ಲಿ ಕೂತರೆ ಇನ್ನೊಬ್ಬರು ಪಕ್ಕದಲ್ಲಿ ಕೂತು ಆಚೆ ಅಂಚಿನ ಲಾಳಿ ಕೊಡಬೇಕು. ಇಪ್ಪತ್ತಾರು ವರ್ಷ ಆ ಲಾಳಿ ಸೂರಮ್ಮನ ಕೈಯಲ್ಲಿತ್ತು. ಮಕ್ಕಳಿರಲಿಲ್ಲ. ಕೂಲಿಗೆ ಬಂದವರು ಯಾರೂ ವಾರ ನಿಲ್ಲಲಿಲ್ಲ. ಕಲ್ಲೇಶಪ್ಪ ಬಾಯಿಬಿಟ್ಟು ಹೇಳುವವನಲ್ಲ. ಅವನು ಕೆಮ್ಮಿದರೆ ಸೂರಮ್ಮನಿಗೆ ಅರ್ಥವಾಗುತ್ತಿತ್ತು, ಅವರಿಗೆ ಆಗುತ್ತಿರಲಿಲ್ಲ. ಅಂಚಿಲ್ಲದ ರವಿಕೆ ಬಟ್ಟೆ ನೇಯುತ್ತಾ, ಬೆಳಿಗ್ಗೆ ಮಾಡಿದ ಮುದ್ದೆಯನ್ನೇ ಸಂಜೆಗೂ ಉಣ್ಣುತ್ತಾ ಅವನು ಎರಡು ವರ್ಷ ಕಳೆದ.

೧೯೯೮ರ ಜುಲೈ ಕೊನೆಯಲ್ಲಿ ಅವನ ಬಾಗಿಲಿಗೆ ಒಬ್ಬ ಹೆಂಗಸು ಬಂದರು. ನಲವತ್ತು ದಾಟಿದ ವಯಸ್ಸು, ಹೆಗಲಿಗೆ ಚೀಲ, ಸೀರೆಯ ನೆರಿಗೆಗೆ ಒಣಗಿದ ಕೆಸರು.

"ನಾನು ಕಮಲಾಕ್ಷಮ್ಮ ಅಂತ. ಚಳ್ಳಕೆರೆ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡ್ತೀನಿ. ಅಂಗಡಿ ಬೀದಿಯಲ್ಲೆಲ್ಲ ಕೇಳಿದೆ, ನಕ್ಕು ಕಳಿಸಿದ್ರು. ಒಬ್ಬರು ನಿಮ್ಮನ್ನ ಕೇಳಿ ಅಂದ್ರು."

ಚೀಲದಿಂದ ಅವರು ತೆಗೆದದ್ದು ಒಂದು ಬಲೆ. ದೊಡ್ಡ ಆಲಿಕೆಯ ಆಕಾರ, ಬಾಯಿಗೆ ತಂತಿಯ ಬಳೆ, ತುದಿಗೆ ಕಟ್ಟಿದ ಸಣ್ಣ ಬಾಟ್ಲಿ. ಬಟ್ಟೆ ಉದ್ದಕ್ಕೂ ಹರಿದಿತ್ತು.

"ರೇಷ್ಮೆ," ಅಂದ ಕಲ್ಲೇಶಪ್ಪ, ಮುಟ್ಟಿದ ಕೂಡಲೇ.

"ಹೌದು. ಮುಳುಗಿದ್ದ ಜಾಲಿ ಮುಳ್ಳಿಗೆ ಸಿಕ್ತು. ಬೊಂಬಾಯಿಂದ ಹೊಸದು ಬರೋಕೆ ಮೂರು ತಿಂಗಳಂತೆ."

ಮೊಳಕಾಲ್ಮೂರಿನಿಂದ ಎಂಟು ಮೈಲಿಯಾಚೆಯ ಜಲಾಶಯಕ್ಕೆ ಅವರು ಪ್ರತಿ ತಿಂಗಳ ಹದಿನೈದಕ್ಕೆ ಹೋಗುತ್ತಿದ್ದರು. ದಾಸಣ್ಣನೆಂಬ ಬೆಸ್ತನ ಹರಿಗೋಲಿನಲ್ಲಿ ಕೂತು ಬಲೆ ಎಳೆದು, ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳನ್ನು ಹಿಡಿದು ಎಣಿಸುವುದು ಅವರ ಸಂಶೋಧನೆ. ಇಪ್ಪತ್ನಾಲ್ಕು ತಿಂಗಳು ತಪ್ಪದೆ ಆಗಬೇಕು. ಆಗಿದ್ದದ್ದು ಒಂಬತ್ತು.

"ಒಂದು ತಿಂಗಳು ಬಿಟ್ರೆ ಏನಾಗ್ತೈತ್ರಿ?" ಅಂತ ಅವನು ಕೇಳಿದ.

"ಈಗ ಹೊಲದ ಗೊಬ್ಬರದ ಸಾರವೆಲ್ಲ ಮಳೆ ನೀರಿನ ಜೊತೆ ಕೆರೆಗೆ ಇಳಿಯೋ ಕಾಲ. ಹದಿನೈದು ದಿನದಲ್ಲಿ ನೀರೊಳಗಿನ ಸಂಸಾರವೇ ಬದಲಾಗುತ್ತೆ. ಆಮೇಲೆ ನೋಡ್ತೀನಿ ಅಂದ್ರೆ ಅದು ಇರಲ್ಲ."

ಕಲ್ಲೇಶಪ್ಪ ದಾರ ಎಣಿಸುವ ಮಸೂರವನ್ನು ಬಟ್ಟೆಯ ಮೇಲಿಟ್ಟು ಬಹಳ ಹೊತ್ತು ನೋಡಿದ. ಅಂಚಿಲ್ಲ, ಬುಟ್ಟಾ ಇಲ್ಲ. ಒಬ್ಬನೇ ನೇಯಬಹುದಾದ ಬಟ್ಟೆ.

"ಎಂಟು ದಿನ ಬಿಟ್ಟು ಬರ್ರಿ," ಅಂದ.

ಎಂಟು ದಿನಕ್ಕೆ ಕೊಟ್ಟ ಬಟ್ಟೆ ಕೆಲಸಕ್ಕೆ ಬರಲಿಲ್ಲ. ಮರುದಿನವೇ ಕಮಲಾಕ್ಷಮ್ಮ ಅದನ್ನು ಹಿಡಿದು ಬಂದರು. ನೀರಿಗೆ ಬಿದ್ದ ಕೂಡಲೇ ಎಳೆಗಳು ಸರಿದು, ಒಂದು ಕಡೆ ಸಂದು ಬಿಟ್ಟು ಇನ್ನೊಂದು ಕಡೆ ಮುದ್ದೆಯಾಗಿದ್ದವು. ಅವರು ಬೈಯಲಿಲ್ಲ. "ಆಗೋದಿಲ್ಲ ಅಂತ ಕಾಣುತ್ತೆ, ಬಿಡಿ ಕಲ್ಲೇಶಪ್ಪನವರೇ," ಅಂದು ಬಾಗಿಲಲ್ಲೇ ನಿಂತರು. ಅವರ ದನಿ ಕೇಳಿ ಅವನಿಗೆ ನಾಚಿಕೆಯಾಯಿತು.

"ಆ ಹಳೇದು ಒಂದ್ ದಿನ ಇಲ್ಲೇ ಇರ್ಲಿ ಬಿಡ್ರಿ," ಅಂದ.

ಅವರು ಹೋದ ಮೇಲೆ ಹರಿದ ಬಲೆಯ ಚೂರೊಂದನ್ನು ಕತ್ತರಿಸಿ, ಬಿಸಿಲಿಗೆ ಕೂತು, ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಿದ. ಒಂದು ಎಳೆ ಎಳೆದರೆ ಪಕ್ಕದ್ದೂ ಹೊರಳಿಕೊಂಡು ಬರುತ್ತಿತ್ತು. ಹಾಸಿನ ಎಳೆಗಳು ಎರಡೆರಡು ಜೋಡಿಯಾಗಿ, ಅಡ್ಡ ಎಳೆ ಬಂದಾಗಲೆಲ್ಲ ಒಂದರ ಮೇಲೊಂದು ಹೊರಳಿ ಅದನ್ನು ಕಚ್ಚಿ ಹಿಡಿದಿದ್ದವು. ಹಾಗೆ ಹಿಡಿದರೆ ಸರಿಯುವ ಮಾತೇ ಇಲ್ಲ. "ಸೂರೀ, ಇಲ್ನೋಡು," ಅಂದುಬಿಟ್ಟ. ಆಮೇಲೆ ಸೂಜಿ ಕೆಳಗಿಟ್ಟ.

ಜೋಡಿ ಎಳೆಗಳನ್ನು ಹಾಗೆ ಹೊರಳಿಸಲು ಮಗ್ಗಕ್ಕೆ ದಾರದ ಕುಣಿಕೆಗಳ ಸಾಲೊಂದನ್ನು ಹೊಸದಾಗಿ ಕಟ್ಟಿದ. ದಿನಕ್ಕೆ ಗೇಣುದ್ದವೂ ಸಾಗುತ್ತಿರಲಿಲ್ಲ. ಆಗಸ್ಟ್ ಹದಿನಾಲ್ಕಕ್ಕೆ ಬಟ್ಟೆ ಮುಗಿಯಿತು. ಹದಿನೈದಕ್ಕೆ ಕಾಲೇಜಿನಲ್ಲಿ ಧ್ವಜವಂದನೆ ಮುಗಿಸಿ ಕಮಲಾಕ್ಷಮ್ಮ ಬಸ್ಸು ಹತ್ತಿ ಬಂದು ಅದನ್ನು ಒಯ್ದರು.

ಮುಂದಿನ ವಾರ ಒಂದು ಕಾರ್ಡು ಬಂತು. "ಬಲೆ ನೀರಲ್ಲಿ ಎಳೆ ಸರಿಯದೆ ನಿಂತಿತು. ತೂತು ಹಳೆಯದಕ್ಕಿಂತ ಕೊಂಚ ದೊಡ್ಡದು, ತೀರಾ ಸಣ್ಣವು ಜಾರಿಹೋಗುತ್ತವೆ. ಅವನ್ನು ಬಾಟ್ಲಿಯಲ್ಲಿ ನೀರು ತಂದು ಎಣಿಸುತ್ತೇನೆ. ಏನು ಸಿಕ್ಕಿದೆ ನೋಡಲು ಬನ್ನಿ."

ಚಳ್ಳಕೆರೆಯ ಕಾಲೇಜಿನಲ್ಲಿ ಅವರು ಸೂಕ್ಷ್ಮದರ್ಶಕದ ಮುಂದೆ ಅವನನ್ನು ಕೂರಿಸಿದರು. ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕಿನ ವೃತ್ತದೊಳಗೆ ಗಾಜಿನಂಥ ಹುಳುವೊಂದು ಬಂತು. ಬೆನ್ನಿನ ಹತ್ತಿರ ಅದರ ಗುಂಡಿಗೆ ಪಟಪಟನೆ ಬಡಿಯುತ್ತಿತ್ತು. ಅದರ ಹಿಂದೆ ನಾಲ್ಕು ದುಂಡನೆಯ ಮೊಟ್ಟೆ.

"ನೀರ್ಚಿಗಟ ಅಂತೀವಿ. ಇದು ಹೆಣ್ಣು," ಅಂದರು ಕಮಲಾಕ್ಷಮ್ಮ. "ಎಲ್ಲಾ ಹೆಣ್ಣೇ. ನೀರು ಚೆನ್ನಾಗಿರೋವರೆಗೂ ಗಂಡು ಬೇಕಾಗಲ್ಲ. ತಾನೊಂದೇ ಮರಿ ಮಾಡುತ್ತೆ."

"ಒಬ್ಬಂಟಿಯಾಗೇನೇ?"

"ಒಬ್ಬಂಟಿಯಾಗೇ."

"ನಮ್ ಕಸುಬಿಗೆ ಅಂಗಾಗಲ್ಲ ನೋಡ್ರಿ. ಇಬ್ರಿರ್ಬೇಕು," ಅಂದ ಅವನು. ಅವರು ನಕ್ಕರು. ಅವನು ಹಾಗೆ ಮಾತಿಗೆ ಮಾತು ಆಡಿ ಎರಡು ವರ್ಷವಾಗಿತ್ತು.

ಅಂದಿನಿಂದ ಪ್ರತಿ ಹದಿನೈದಕ್ಕೆ ಅವನೂ ಮೊಳಕಾಲ್ಮೂರಿನಲ್ಲಿ ಅವರು ಬರುವ ಬಸ್ಸನ್ನೇ ಹತ್ತತೊಡಗಿದ. ಬಲೆ ಎಲ್ಲಾದರೂ ಹರಿದರೆ ಹೊಲಿಯಲು ಅಂತ ನೆಪ. ಹರಿಗೋಲಿನಲ್ಲಿ ಮೂವರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಳೆಗಾಲದ ಕೆಂಪು ನೀರಲ್ಲಿ ಸಾರ ತುಂಬಿದ್ದರೂ ಬೆಳಕು ಇಳಿಯದೆ ಪಾಚಿ ಏಳುವುದಿಲ್ಲ, ಕೆಸರು ಕೂತ ಮೇಲೆ ಕಾರ್ತಿಕದಲ್ಲಿ ಏಳುತ್ತದೆ, ಅದರ ಬೆನ್ನಿಗೆ ಅದನ್ನು ಮೇಯುವ ಹುಳು ಹೆಚ್ಚಿ ಚಳಿಗಾಲಕ್ಕೆ ನೀರು ತಿಳಿಯಾಗುತ್ತದೆ, ಬೇಸಿಗೆಯಲ್ಲಿ ನೀರು ತಗ್ಗಿ ಮತ್ತೆ ಹಸಿರು ಗಟ್ಟಿಯಾಗುತ್ತದೆ — ಇದೆಲ್ಲ ಅವನಿಗೆ ನೋಡಿ ನೋಡಿಯೇ ತಿಳಿಯಿತು. ತಾವು ಚಳ್ಳಕೆರೆಯಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇರುವುದನ್ನು ಕಮಲಾಕ್ಷಮ್ಮ ಒಮ್ಮೆ ಮಾತ್ರ ಹೇಳಿದರು. ಅವನೂ ಕೆದಕಲಿಲ್ಲ.

೧೯೯೯ರ ಅಕ್ಟೋಬರ್‌ನಲ್ಲಿ ಬಾಟ್ಲಿಗೆ ಚೀಟಿ ಅಂಟಿಸುತ್ತಾ ಅವರೆಂದರು, "ಇಪ್ಪತ್ನಾಲ್ಕು ಆಯ್ತು."

"ಬರೋ ತಿಂಗಳು?"

"ಬರೋ ತಿಂಗಳು ಇಲ್ಲ ಕಲ್ಲೇಶಪ್ಪನವರೇ. ಎಣಿಸಿ ಬರೆಯೋದು ಮಾತ್ರ. ವರ್ಗಾನೂ ಆಗಿದೆ, ಮಂಡ್ಯ ಕಡೆ."

ದಾಸಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಕಲ್ಲೇಶಪ್ಪ "ಒಳ್ಳೇದಾತು ಬಿಡ್ರಿ" ಅಂದ. ಬಲೆಯನ್ನು ಹಿಂಡಿ, ನೀರು ಝಾಡಿಸಿ, ಮಡಿಸಿ ಅವರ ಚೀಲಕ್ಕೆ ಹಾಕಿದ.

ಮುಂದಿನ ಹದಿನೈದಕ್ಕೆ ಅವನು ಬೆಳಿಗ್ಗೆಯೇ ಸ್ನಾನ ಮಾಡಿ, ಅಂಗಿ ತೊಟ್ಟು, ಮಗ್ಗದ ಮುಂದೆ ಕೂತ. ಒಂದು ಎಳೆಯನ್ನೂ ನೇಯಲಿಲ್ಲ. ಡಿಸೆಂಬರ್ ಹಾಗೇ ಹೋಯಿತು. ಜನವರಿ ಹದಿನೈದಕ್ಕೆ ತಡೆಯಲಾಗದೆ ಬಸ್ಸು ಹತ್ತಿದ. ದಾಸಣ್ಣ ಮೀನು ಮಾರಲು ಹೋಗಿದ್ದ, ದಡದಲ್ಲಿ ಯಾರೂ ಇರಲಿಲ್ಲ. ಆ ಕಾಲಕ್ಕೆ ತಿಳಿಯಾಗಿರಬೇಕಾಗಿದ್ದ ನೀರು ಹಚ್ಚ ಹಸಿರಾಗಿತ್ತು. ಕಲ್ಲೇಶಪ್ಪ ಅತ್ತ ಇತ್ತ ನೋಡಿದ. ಹೇಳಲು ಒಂದು ನರಪಿಳ್ಳೆಯೂ ಇಲ್ಲ. ದನ ಕಾಯುವವರಿಗೆ ಹೇಳಿದರೆ ಹುಚ್ಚ ಅಂದಾರು.

ಊರಿಗೆ ಬಂದವನೇ ಅಂಚೆ ಕಚೇರಿಯಲ್ಲಿ ಕಾರ್ಡು ಕೊಂಡು, ಕಮಲಾಕ್ಷಮ್ಮನವರಿಗೆ ಚಳ್ಳಕೆರೆ ಕಾಲೇಜಿನ ವಿಳಾಸಕ್ಕೇ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆದ: "ಕೆರೆ ನೀರು ಹಸುರಾಗೈತೆ. ವಾಸನೆ ಇಲ್ಲ. ಹೋದ ವರ್ಸ ಈಗ ಇಂಗಿರಲಿಲ್ಲ."

ಮಂಡ್ಯದಿಂದ ಅವರ ಉತ್ತರ ಬರಲು ಇಪ್ಪತ್ತು ದಿನ ಹಿಡಿಯಿತು. ಕ್ಷೇಮಸಮಾಚಾರ ಎರಡೇ ಸಾಲು. ಉಳಿದದ್ದೆಲ್ಲ ಪ್ರಶ್ನೆ. ಹಸಿರು ಎಂಥದ್ದು, ಗಿಣಿ ಬಣ್ಣವೋ ಹುಣಸೆ ಎಲೆಯದೋ? ಗಾಳಿ ಯಾವ ದಿಕ್ಕಿನದಿತ್ತು? ನೀರಿಗೆ ಕೈ ಇಳಿಸಿದರೆ ಎಷ್ಟು ಆಳದಲ್ಲಿ ಅಂಗೈ ಕಾಣದಾಗುತ್ತದೆ?

ಫೆಬ್ರವರಿ ಹದಿನೈದಕ್ಕೆ ಕಲ್ಲೇಶಪ್ಪ ಪಂಚೆ ಮೇಲೆತ್ತಿ ಕಟ್ಟಿ, ತೊಡೆಯುದ್ದದ ನೀರಿಗೆ ಇಳಿದು ನಿಂತ. ನೀರು ತಣ್ಣಗಿತ್ತು. ಕೆಸರು ಕದಡದಿರಲೆಂದು ಅಲುಗಾಡದೆ ಕಾದ. ಆಮೇಲೆ ಬಗ್ಗಿ, ಅಂಗೈಯನ್ನು ಬಿಡಿಸಿ, ಬೆರಳುಗಳ ಮೇಲೇ ಕಣ್ಣಿಟ್ಟು, ಕೈಯನ್ನು ನಿಧಾನವಾಗಿ ಕೆಳಗೆ ಬಿಡತೊಡಗಿದ.