ರಕ್ತ ತೆಗೆದ ಸಮಯ

ಪೊಟ್ಯಾಸಿಯಂ ಏಳು ಎಂದಿತು ಯಂತ್ರ. ಅಷ್ಟಿದ್ದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ರಕ್ತ ಎರಡನೇ ಮಹಡಿಯ ವಾರ್ಡಿನ ಒಬ್ಬ ಅಜ್ಜಿಯದು. ತಕ್ಷಣ ಫೋನ್ ಮಾಡಿ ತಿಳಿಸಿದೆ. ಆದರೆ ಇಪ್ಪತ್ತು ವರ್ಷ ಈ ಲ್ಯಾಬಿನಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಯಾಕೋ ಮನಸ್ಸು ಒಪ್ಪಲಿಲ್ಲ.

ಆ ವಾರ್ಡಿನಿಂದ ಕಂಪ್ಯೂಟರಿನಲ್ಲಿ ಬಂದ ಪರೀಕ್ಷೆಯ ಕೋರಿಕೆಗಳನ್ನು ತೆರೆದೆ. ಹನ್ನೆರಡು ರೋಗಿಗಳು. ರಕ್ತ ತೆಗೆದ ಸಮಯ ಎಲ್ಲರದೂ ಹತ್ತು ಗಂಟೆ ಹದಿನಾಲ್ಕು ನಿಮಿಷ. ಆ ವಾರ್ಡಿನ ಸಿಸ್ಟರಿಗೇನು ಹನ್ನೆರಡು ಕೈಗಳಿವೆಯೇ?

ಮತ್ತೆ ಫೋನ್ ಮಾಡಿದೆ.

"ಸಿಸ್ಟರ್, ನಿಜ ಹೇಳಿ. ಅಜ್ಜಿ ರಕ್ತ ಯಾವಾಗ ತೆಗೆದಿದ್ದು?"

"ನಿನ್ನೆ ಸಂಜೆ ಪಾಳಿಯವ್ರು ತೆಗೆದು ಫ್ರಿಜ್ಜಲ್ಲಿಟ್ಟಿದ್ರು ಅಕ್ಕ. ನಾನು ಕಂಪ್ಯೂಟರಿಗೆ ಹಾಕಿದ್ದು ಹತ್ತು ಗಂಟೆಗೆ."

ಹಾಗೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟ ರಕ್ತದಲ್ಲಿ ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಏಳು ಅಜ್ಜಿಯದಲ್ಲ, ಕೊಳವೆಯದು. ಈಗ ಅದನ್ನು ಇಳಿಸುವ ಔಷಧ ಕೊಟ್ಟರೆ, ಇಲ್ಲದ ಕಾಯಿಲೆಗೆ ಅಜ್ಜಿಯ ಜೀವ ಹೋಗಬಹುದು.

"ಔಷಧ ಕೊಟ್ರಾ?"

"ಡಾಕ್ಟ್ರು ಈಗ ಇಂಜೆಕ್ಷನ್ ತಗೊಂಡು..."

"ನಿಲ್ಸಿ! ಓಡ್ರೀ, ಮೊದ್ಲು ನಿಲ್ಸಿ!"

ರಿಸೀವರ್ ಮೇಜಿನ ಮೇಲೆ ಬಿದ್ದ ಸದ್ದು, ಚಪ್ಪಲಿಯ ಸದ್ದು, ಆಮೇಲೆ ಏನೂ ಇಲ್ಲ. ಇಷ್ಟು ಹೆದರಿದ್ದು ನನಗೆ ನೆನಪಿಲ್ಲ.

"ತಡೆದೆ ಅಕ್ಕ," ಎಂದಳು ಏದುಸಿರಿನಲ್ಲಿ. "ಸೂಜಿ ಇನ್ನೂ ಚುಚ್ಚಿರ್ಲಿಲ್ಲ."

ಹೊಸದಾಗಿ ತೆಗೆದು ಕಳಿಸಿದ ರಕ್ತದಲ್ಲಿ ನಾಲ್ಕೇ ಇತ್ತು. ಹೋದ ಜೀವ ಬಂದಂತಾಯಿತು; ಜೊತೆಗೇ ಮೂಗಿನ ತುದಿಗೆ ಕೋಪವೂ ಬಂತು. ಫೋನೆತ್ತಿ ಕೇಳಿದೆ:

"ಸಮಯ ಯಾಕ್ರೀ ಸುಳ್ಳು ಹಾಕಿದ್ರಿ?"

"ನೀವೇ ಅಲ್ವಾ ಅಕ್ಕ ಹೇಳಿಕೊಟ್ಟಿದ್ದು? ಸಮಯ ಖಾಲಿ ಬಿಟ್ರೆ ಕಂಪ್ಯೂಟರ್ ವಾಪಸ್ ಕಳಿಸುತ್ತೆ, ನಿಮಗೂ ತಲೆನೋವು ನನಗೂ ತಲೆನೋವು, 'ಈಗ' ಅನ್ನೋ ಗುಂಡಿ ಒತ್ಬಿಡಿ ಅಂದಿದ್ರಿ."

ಹೌದು, ಅಂದಿದ್ದೆ. ನಾಚಿಕೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

"ಉಳಿದ ಹನ್ನೊಂದು ಜನರದ್ದು?"

"ಕೆಲವು ನಿನ್ನೆಯವು, ಕೆಲವು ಇವತ್ತಿನವು. ಯಾವುದು ಯಾರದ್ದು ಗೊತ್ತಿಲ್ಲ. ಆದ್ರೆ ಅವೆಲ್ಲ ಸರಿ ಇದೆ ಅಂತ ನೀವೇ ವರದಿ ಕಳಿಸಿದ್ರಲ್ಲ?"

ಸರಿಯಿದೆ ಎಂದರೆ ಯಾರೂ ಫೋನ್ ಮಾಡುವುದಿಲ್ಲ. ಪೊಟ್ಯಾಸಿಯಂ ಕಡಿಮೆಯಾದರೂ ಹೃದಯ ನಿಲ್ಲಬಹುದು; ಹಾಗೆ ಕಡಿಮೆಯಿದ್ದದ್ದು ಕೊಳವೆಯಲ್ಲಿ ಸೋರಿ ಸೋರಿ ಸರಿಯಾಗಿ ಕಂಡಿದ್ದರೆ?

"ಹನ್ನೊಂದೂ ಜನರದ್ದು ಮತ್ತೆ ತೆಗೀರಿ."

"ಒಂಬತ್ತೇ ಜನ ಇರೋದು ಅಕ್ಕ. ವರದಿ ನೋಡಿ ಇಬ್ಬರನ್ನ ಆಗಲೇ ಮನೆಗೆ ಕಳಿಸಿದ್ರು."

ಆ ಇಬ್ಬರ ಫೋನ್ ನಂಬರ್ ಕಂಪ್ಯೂಟರಿನಲ್ಲಿ ಹುಡುಕಿದೆ; ಆ ಜಾಗವನ್ನೂ ಅದು ಖಾಲಿ ಬಿಡಲು ಬಿಡುವುದಿಲ್ಲ. ಇಬ್ಬರದೂ ಒಂದೇ ನಂಬರು, ಬರೀ ಒಂಬತ್ತುಗಳು.