ನೀರಿಗಿಳಿಯುವ ತಾರೀಖು

ಚಂಡಮಾರುತ ದ್ವೀಪದ ಮೇಲೆ ಹಾದುಹೋದ ಮೇಲೆ ಆರು ದಿನ ಅಲ್ಲಿಂದ ಶಿವರಂಜನಿಗೆ ಒಂದೇ ಒಂದು ಫೋನೂ ಬರಲಿಲ್ಲ.

ಅವಳಿಗೆ ನಲವತ್ತಾರು ವರ್ಷ. ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ, ಒಬ್ಬಳೇ ವಾಸ. ಅಂಡಮಾನಿನ ಒಂದು ಸಣ್ಣ ದ್ವೀಪದಲ್ಲಿದ್ದ ಡೈವಿಂಗ್ ಸೆಂಟರಿನ ಬುಕಿಂಗ್ ಕೆಲಸವನ್ನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು. ಏಳು ವರ್ಷದ ಹಿಂದಿನವರೆಗೆ ಅದೇ ಸೆಂಟರಿನಲ್ಲಿ ಅವಳೇ ಜನರಿಗೆ ಡೈವಿಂಗ್ ಕಲಿಸುತ್ತಿದ್ದಳು. ಒಂದು ಬೆಳಿಗ್ಗೆ ನೆಗಡಿಯಾಗಿ ಕಿವಿ ಕಟ್ಟಿದ್ದರೂ, ದುಡ್ಡು ಕೊಟ್ಟು ಬಂದವರು ಕಾಯುತ್ತಿದ್ದಾರೆಂದು ನೀರಿಗಿಳಿದಳು. ಹದಿನೆಂಟು ಮೀಟರು ಆಳದಲ್ಲಿ ಎಡಗಿವಿಯೊಳಗೆ ಏನೋ ಹರಿದುಹೋಯಿತು. ಅಂದಿನಿಂದ ಆ ಕಿವಿ ಕೇಳಿಸುವುದಿಲ್ಲ. ಇನ್ನು ನೀರಿಗಿಳಿದರೆ ಬಲಗಿವಿಯೂ ಹೋದೀತು ಎಂದು ಡಾಕ್ಟರು ಹೇಳಿದ ಮೇಲೆ ಬೆಂಗಳೂರಿಗೆ ವಾಪಸು ಬಂದಳು.

ಒಂದೇ ಕಿವಿಯಿದ್ದವರಿಗೆ ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳುವುದು ಕಷ್ಟ. ದರ್ಶಿನಿಯಲ್ಲಿ ಪಕ್ಕದಲ್ಲಿ ನಿಂತವರು ಏನಾದರೂ ಕೇಳಿದರೆ ಅವಳು ಸುಮ್ಮನೆ ನಕ್ಕು ತಲೆಯಾಡಿಸುತ್ತಿದ್ದಳು. ಬಸವೇಶ್ವರನಗರದಲ್ಲಿದ್ದ ಅಣ್ಣನ ಮನೆಗೂ ಹಬ್ಬಕ್ಕೆ ಮಾತ್ರ ಹೋಗುವಳು. ಅಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಇವಳು ಎಲ್ಲರ ಬಾಯಿಯನ್ನೇ ನೋಡುತ್ತಾ ಕೂತು ಸುಸ್ತಾಗಿ ಬರುತ್ತಾಳೆ. ಫೋನಿನಲ್ಲಾದರೆ ಆ ತೊಂದರೆ ಇಲ್ಲ. ಒಂದೇ ದನಿ, ಬಲಗಿವಿಗೆ ನೇರವಾಗಿ. ದ್ವೀಪದವರ ಫೋನುಗಳೇ ಅವಳ ದಿನದ ಮಾತು. ಆ ಆರು ದಿನ ಅವಳು ಬಾಯಿ ಬಿಟ್ಟು ಆಡಿದ್ದು ಹಾಲಿನವನ ಜೊತೆ ಎರಡು ಮಾತು, ಮನೆ ಓನರ್ ಬೈರಪ್ಪನವರ ಜೊತೆ ನೀರಿನ ಮೋಟಾರಿನ ವಿಷಯ, ಅಷ್ಟೇ.

ಏಳನೇ ದಿನ ಕಲ್ಮೇಶ ಫೋನ್ ಮಾಡಿದ. ಗದಗದ ಕಡೆಯ ಹುಡುಗ, ಇಪ್ಪತ್ತೆಂಟು ವರ್ಷ, ಈಗ ಸೆಂಟರಿನ ಮುಖ್ಯ ಡೈವರ್. ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಬಂದಿದ್ದವನು ಅವಳು ನೀರಿಗಿಳಿಯದೆ ಕೊಳದ ದಡದಲ್ಲೇ ನಿಂತು ನಡೆಸುವ ಭಾನುವಾರದ ಡೈವಿಂಗ್ ಕ್ಲಾಸಿಗೆ ಕುತೂಹಲಕ್ಕೆ ಬಂದು ಕೂತಿದ್ದ. ಈಜುಕೊಳದಲ್ಲಿ ಅವನು ಉಸಿರು ನಿಭಾಯಿಸುವ ರೀತಿ ನೋಡಿ, ಇವನು ಈ ಕೆಲಸಕ್ಕೇ ಹುಟ್ಟಿದವನು ಎಂದು ದ್ವೀಪಕ್ಕೆ ಕಳಿಸಿದವಳು ಅವಳೇ. ಎಲ್ಲರೂ ಬದುಕಿದ್ದೇವೆ ಎಂದು ಅವನು ಮೊದಲು ಹೇಳಿದ. ಹಡಗು ನಿಲ್ಲುವ ಜೆಟ್ಟಿ ಮುರಿದಿದೆ, ಹಡಗು ಬರುತ್ತಿಲ್ಲ. ಅರ್ಧ ಊರಿಗೆ ಸೂರಿಲ್ಲ. ದೋಣಿ ನಡೆಸುವ ಬಂಗಾಳಿ ಸುಬಲ್‌ದಾನ ಮನೆ ಹೋಗಿದೆ, ಅವನ ಸಂಸಾರ ಸೆಂಟರಿನ ಕ್ಲಾಸ್‌ರೂಮಿನಲ್ಲಿ ಮಲಗುತ್ತಿದೆ. ಶಿವರಂಜನಿ ಅವನ ಮಾತನ್ನು ನಿಂತುಕೊಂಡೇ ಕೇಳಿದಳು. ಫೋನಿಟ್ಟ ಮೇಲೆ ಎಷ್ಟೋ ಹೊತ್ತು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು.

ಎರಡು ದಿನ ಬಿಟ್ಟು ಮಧುಕುಮಾರ್ ಅವಳ ಮನೆಗೇ ಬಂದ. ಸೆಂಟರಿನ ಒಡೆಯ ಅವನು. ಕೆಂಗೇರಿ ಪಕ್ಕದ ಉಲ್ಲಾಳದ ಹಳೇ ಊರಿನವರು, ಅವರ ರಾಗಿ ಹೊಲಗಳೆಲ್ಲ ಈಗ ಲೇಔಟು. ಮೂವತ್ತೈದನೇ ವಯಸ್ಸಿಗೆ ಡೈವಿಂಗಿನ ಹುಚ್ಚು ಹಿಡಿಸಿಕೊಂಡು ಆ ಸೆಂಟರನ್ನೇ ಕೊಂಡಿದ್ದ. ಕೆಟ್ಟ ಮನುಷ್ಯನಲ್ಲ. ದ್ವೀಪಕ್ಕೆ ಅಕ್ಕಿ, ಟಾರ್ಪಾಲು, ಔಷಧಿ ಕಳಿಸುವ ವ್ಯವಸ್ಥೆ ಆಗಲೇ ಮಾಡಿದ್ದ. ಆದರೆ ಡಿಸೆಂಬರ್ ಇಪ್ಪತ್ತರಿಂದ ಸೀಸನ್. ದ್ವೀಪದ ಇನ್ನೊಂದು ಸೆಂಟರಿನವರು ಆಗಲೇ ಹದಿನೆಂಟಕ್ಕೆ ತೆಗೆಯುತ್ತೇವೆಂದು ನೆಟ್ಟಿನಲ್ಲಿ ಹಾಕಿಕೊಂಡಿದ್ದರು. ನಾವು ಯಾವತ್ತು ತೆಗೆಯೋಣ ಎಂದು ಕೇಳಲು ಬಂದಿದ್ದ.

ಶಿವರಂಜನಿ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಹಡಗು ದಿನಾ ಬರುವಂತಾಗಬೇಕು; ಯಾರಿಗಾದರೂ ನೀರಿನಡಿ ಏನಾದರೂ ಆದರೆ ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಸೇರಿಸಲು ಬೇರೆ ದಾರಿಯಿಲ್ಲ. ದ್ವೀಪದ ಆಸ್ಪತ್ರೆಗೆ ಡಾಕ್ಟರು ಬರಬೇಕು. ಊರಿನವರು ಕುಡಿಯುವ ನೀರಿಗೆ ಕ್ಯೂ ನಿಂತಿರುವಾಗ ಪ್ರವಾಸಿಗರು ಎರಡೆರಡು ಸಲ ಸ್ನಾನ ಮಾಡುವುದು ಸರಿಯಲ್ಲ. ಜೊತೆಗೆ, ಜನರನ್ನು ಇಳಿಸುವ ಹನ್ನೊಂದು ಜಾಗಗಳನ್ನೂ ಮೊದಲು ನಮ್ಮವರು ಇಳಿದು ನೋಡಬೇಕು. ಬಲೆ, ತಗಡು, ಮುರಿದ ದೋಣಿ, ಏನೇನು ಬಿದ್ದಿದೆಯೋ.

ಮಧುಕುಮಾರ್ ಕಾಫಿ ಲೋಟ ತಿರುಗಿಸುತ್ತಾ ಕೂತಿದ್ದ. ಊರಿನವರೇ ದಿನಾ ಕೇಳುತ್ತಿದ್ದಾರೆ, ಜನ ಯಾವಾಗ ಬರುತ್ತಾರೆ ಎಂದು, ಬಿಟ್ಟಿ ಅಕ್ಕಿ ತಿಂದುಕೊಂಡು ಎಷ್ಟು ದಿನ ಕೂರುತ್ತಾರೆ ಎಂದ. ಅದೂ ನಿಜ. ಕಲ್ಮೇಶನೂ ಅದನ್ನೇ ಹೇಳಿದ್ದ. ಆದರೂ ಅವಳು ಬೇಡವೆಂದು ತಲೆಯಾಡಿಸಿದ್ದನ್ನು ನೋಡಿ ಅವನಿಗೆ ರೇಗಿತೇನೋ.

“ಅಕ್ಕ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಕಿವಿ ಹೋಯ್ತು ಅಂತ ಎಲ್ರೂ ನೀರಿಗೆ ಹೆದ್ರಬೇಕಾ?”

ಅವನಿಗೇ ಆಡಿದ್ದು ಹೆಚ್ಚಾಯಿತು ಅನ್ನಿಸಿರಬೇಕು, ದನಿ ತಗ್ಗಿಸಿದ. “ಆಯ್ತು. ಹನ್ನೊಂದೂ ನೋಡ್ಲಿ. ಆಸ್ಪತ್ರೆ, ಹಡಗು ಎಲ್ಲಾ ಅಷ್ಟರಲ್ಲಿ ಸರಿ ಹೋಗುತ್ತೆ. ನೋಡಿ ಮುಗಿದ ಮಾರನೇ ದಿನ ಓಪನ್ ಮಾಡೋಣ. ಸರೀನಾ?”

ಸರಿ ಎಂದಳು. ಆ ಕಿವಿಯ ಮಾತು ಚುಚ್ಚಿತ್ತು, ಮತ್ತೆ ವಾದ ಮಾಡುವ ಶಕ್ತಿ ಇರಲಿಲ್ಲ. ಅದೇ ಸಂಜೆ ಕಲ್ಮೇಶನಿಗೆ ಹನ್ನೊಂದು ಜಾಗಗಳ ಪಟ್ಟಿ ಬರೆದು ಕಳಿಸಿದಳು. ಮುಗಿದ ಮಾರನೇ ದಿನವೇ ತೆಗೆಯುವುದು ಎಂದೂ ಬರೆದಳು.

ಮೊದಲ ದಿನ ಅವನು ಎರಡು ಜಾಗ ನೋಡಿದ. ಸಂಜೆ ಫೋನಿನಲ್ಲಿ ಎಲ್ಲವನ್ನೂ ವಿವರವಾಗಿ ಹೇಳಿದ: ಒಂದು ಕಡೆ ಹವಳದ ದೊಡ್ಡ ಗೋಡೆ ಅರ್ಧ ಕುಸಿದಿದೆ, ಅದರ ಕೆಳಗೆ ಮರಳು ಬಿಳೀ ರಂಗೋಲಿ ಪುಡಿಯ ಹಾಗೆ ಹರಡಿದೆ. ಇನ್ನೊಂದು ಕಡೆ ಏನೂ ಆಗೇ ಇಲ್ಲ, ಹಳೇ ಮುದಿ ಗೊಬ್ರ ಮೀನು ತನ್ನ ಬಿಲದಲ್ಲೇ ಇದೆ. ಶಿವರಂಜನಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಆ ಬಿಲ ಅವಳಿಗೆ ಗೊತ್ತು. ಎಡಕ್ಕೆ ತಿರುಗಿದರೆ ಬೀಸಣಿಗೆಯಂಥ ಕೆಂಪು ಹವಳ ಇತ್ತಲ್ಲ, ಅದಿದೆಯಾ ಎಂದು ಕೇಳಿದಳು. ಮತ್ತೆ ಆ ಕಡೆ ಹೋದಾಗ ನೋಡಿ ಹೇಳುತ್ತೇನೆ ಎಂದ.

ಎರಡನೇ ದಿನ ಮೂರು ಜಾಗ. ಮೂರನೇ ದಿನ ನಾಲ್ಕು.

ಆಳದಲ್ಲಿ ಉಸಿರಾಡಿದ ಗಾಳಿ ಮೈಯೊಳಗೆ ಕರಗಿ ಉಳಿಯುತ್ತದೆ. ಮೇಲೆ ಬಂದು ಸಾಕಷ್ಟು ಹೊತ್ತು ಬಿಡುವು ಕೊಟ್ಟರೆ ತಾನೇ ಹೊರಟುಹೋಗುತ್ತದೆ, ಕೊಡದಿದ್ದರೆ ಗುಳ್ಳೆಯಾಗಿ ನರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಭಾನುವಾರದ ಕ್ಲಾಸಿನಲ್ಲಿ ಅವಳು ಹೇಳಿಕೊಡುವ ಮೊದಲ ಪಾಠವೇ ಅದು. ‘ಇವತ್ತು ನಾಲ್ಕು ಮುಗೀತು ಅಕ್ಕಾ’ ಎಂಬ ಮೆಸೇಜು ನೋಡಿ ಅವಳು ಪಟ್ಟಿ ತೆಗೆದು ನೋಡಿದಳು. ಎಲ್ಲವೂ ಮೂವತ್ತು ಮೀಟರು ಆಳದ ಜಾಗಗಳು. ‘ನಾಳೆ ಇಳೀಬೇಡ, ರೆಸ್ಟ್ ತಗೋ’ ಎಂದು ಬರೆದಳು. ಕಳಿಸುವಷ್ಟರಲ್ಲಿ ಅವನ ಫೋನೇ ಬಂತು. ಕೆಂಪು ಹವಳ ಇದೆ, ಒಂದು ಕೊಂಬೆಯೂ ಮುರಿದಿಲ್ಲ ಎಂದು ಅವನು ಹೇಳತೊಡಗಿದ. ಅವಳು ಅರ್ಧ ಗಂಟೆ ಕೇಳಿದಳು. ಏಳು ವರ್ಷದಲ್ಲಿ ಅಷ್ಟು ಹತ್ತಿರದಿಂದ ಅವಳಿಗೆ ಸಮುದ್ರ ಸಿಕ್ಕಿರಲಿಲ್ಲ. ಇನ್ನು ಎರಡೇ ಜಾಗ ಉಳಿದಿವೆ ಎಂದಾಗ, ಜಾಗ್ರತೆ ಕಣೋ ಎಂದಷ್ಟೇ ಹೇಳಿದಳು. ಬರೆದಿದ್ದ ಮೆಸೇಜನ್ನು ಅಳಿಸಿದಳು.

ಮಾರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಸುಬಲ್‌ದಾ ಫೋನ್ ಮಾಡಿದ. ಕೊನೆಯ ಎರಡು ಜಾಗ ಮುಗಿಸಿ ಕಲ್ಮೇಶ ಊಟಕ್ಕೆ ಕೂತಿದ್ದನಂತೆ. ಬೆನ್ನು ನೋಯುತ್ತದೆ ಎಂದವನು ಏಳಲು ಹೋದರೆ ಕಾಲು ನಿಲ್ಲುತ್ತಿಲ್ಲ. ಹರಕು ಹಿಂದಿಯಲ್ಲಿ ಅವನು ಹೇಳುತ್ತಿದ್ದಾಗ ಹಿಂದೆ ಅವನ ಹೆಂಡತಿ ಅಳುವುದು ಕೇಳುತ್ತಿತ್ತು. ಶಿವರಂಜನಿ ಒಂದೊಂದಾಗಿ ಹೇಳಿದಳು: ಅಂಗಾತ ಮಲಗಿಸು, ಎಬ್ಬಿಸಬೇಡ, ಆಕ್ಸಿಜನ್ ಹಾಕು, ನೀರು ಕುಡಿಸು. ಆಕ್ಸಿಜನ್ ಮೂರು ಗಂಟೆಗೆ ಸಾಕಾಗುವಷ್ಟಿತ್ತು. ಹಡಗಿಲ್ಲ. ಪೋರ್ಟ್ ಬ್ಲೇರಿಗೆ ಫೋನ್ ಮಾಡಿದರೆ, ಈ ಗಾಳಿಗೆ ಹೆಲಿಕಾಪ್ಟರ್ ಏಳುವುದಿಲ್ಲ ಎಂದರು. ಕೊನೆಗೆ ಮೀನು ಹಿಡಿಯುವ ದೋಣಿಯಲ್ಲಿ ಹಲಗೆಯ ಮೇಲೆ ಕಟ್ಟಿ ಹೊರಟರು. ಪೋರ್ಟ್ ಬ್ಲೇರಿಗೆ ಏಳು ಗಂಟೆಯ ದಾರಿ. ದೋಣಿ ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಫೋನು ಕಡಿದುಹೋಯಿತು. ಅವಳು ಮಧುಕುಮಾರನಿಗೆ ಹೇಳಿದಳು. ಅವನು ಮಾರನೇ ಬೆಳಗಿನ ವಿಮಾನಕ್ಕೇ ಹೊರಟ.

ಕಲ್ಮೇಶನ ಜೀವ ಉಳಿಯಿತು. ಆದರೆ ತಡವಾಗಿತ್ತು, ಕಾಲುಗಳಿಗೆ ಮೊದಲಿನ ಬಲ ಬರಲಿಲ್ಲ. ಮೂರು ವಾರ ಅಲ್ಲಿನ ಆಸ್ಪತ್ರೆಯಲ್ಲಿಟ್ಟು, ಆಮೇಲೆ ಮಧುಕುಮಾರ್ ಅವನನ್ನು ಕೆಂಗೇರಿಯ ಹತ್ತಿರ ನಡಿಗೆ ಅಭ್ಯಾಸ ಮಾಡಿಸುವ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದ. ಊರಿಂದ ತಾಯಿ ನೀಲಮ್ಮ ಬಂದರು. ಇಷ್ಟೂ ಶಿವರಂಜನಿಗೆ ಗೊತ್ತಿತ್ತು. ಆದರೂ ಅವಳು ಹೋಗಲು ಹತ್ತು ದಿನ ತೆಗೆದುಕೊಂಡಳು. ಎರಡು ಸಲ ಅತ್ತಿಗುಪ್ಪೆಯ ಮೆಟ್ರೋ ಸ್ಟೇಷನ್ನಿನ ತನಕ ಹೋಗಿ ವಾಪಸು ಬಂದಳು.

ಹೋದಾಗ ಅವನು ಎರಡು ಕಂಬಿ ಹಿಡಿದುಕೊಂಡು ನಡೆಯುತ್ತಿದ್ದ. ಬಲಗಾಲು ಎಳೆಯುತ್ತಿತ್ತು. ಅವಳನ್ನು ನೋಡಿ ನಕ್ಕ. ಆಮೇಲೆ ಕುರ್ಚಿಯಲ್ಲಿ ಕೂತು, ಎಲ್ಲರನ್ನೂ ವಿಚಾರಿಸಿದ. ನೀವು ಅವತ್ತೇ ಮಧುಕುಮಾರ್‌ಗೆ ಹೇಳಿದ್ದಿರಂತೆ ಅಕ್ಕಾ, ಹಡಗಿಲ್ಲದೆ ಏನೂ ಮಾಡಬಾರದು ಅಂತ, ನೀವು ಹೇಳಿದ್ದೇ ಸರಿ ಎಂದ. ಅದನ್ನು ಕೇಳಿ ಅವಳಿಗೆ ತಡೆಯಲಾಗಲಿಲ್ಲ.

“ನಾಲ್ಕು ಮುಗೀತು ಅಂತ ನೀನು ಬರೆದಾಗ್ಲೇ ನಂಗೆ ಗೊತ್ತಾಗಿತ್ತು ಕಲ್ಮೇಶ್. ಬೇಡ ಅಂತ ಬರೆದೂ ಇದ್ದೆ. ಕಳಿಸ್ಲಿಲ್ಲ.”

“ಯಾಕ್ರಿ?”

“ನೀನು ಆ ಹವಳದ ವಿಷಯ ಹೇಳ್ತಾ ಇದ್ದೆ. ಇನ್ನಷ್ಟು ಕೇಳ್ಬೇಕು ಅನ್ನಿಸ್ತು.”

ಅವನು ಅವಳನ್ನೇ ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿದ. ಅಲ್ಲಿ ಒಬ್ಬ ಮುದುಕ ವಾಕರ್ ಹಿಡಿದು ಅಂಗಳ ಸುತ್ತುತ್ತಿದ್ದ.

“ನನಗೂ ಗೊತ್ತಿತ್ತು ಬಿಡ್ರಿ,” ಎಂದ. “ಜಲ್ದಿ ಮುಗೀಲಿ, ಎಲ್ಲಾರ್ಗೂ ಕೆಲಸ ಸಿಗ್ಲಿ ಅಂತ ಮಾಡಿದೆ. ಆದ್ರ ನೀವು ಬ್ಯಾಡ ಅಂದಿದ್ರ ನಿಲ್ತಿದ್ದೆ.”

ಅವಳು ಹೊರಡುವಾಗ, ಸೆಂಟರು ಯಾವಾಗ ತೆಗೆಯುತ್ತೀರಿ ಎಂದು ಕೇಳಿದ. ಇನ್ನೂ ಗೊತ್ತಿಲ್ಲ ಎಂದಳು. ಸುಬಲ್‌ದಾನ ಮನೆಗೆ ತಗಡು ಬೀಳಲಿ, ಹಡಗು ದಿನಾ ಬರಲಿ, ಆಮೇಲೆ ಒಂದು ದಿನವೂ ತಡ ಮಾಡಬೇಡಿ ಎಂದ.

ನೀಲಮ್ಮ ಗೇಟಿನ ತನಕ ಜೊತೆಗೆ ಬಂದರು. ಸಣ್ಣ ಆಳು, ತಲೆ ಮೇಲೆ ಸೆರಗು. ಶಿವರಂಜನಿಯ ಎಡಗಡೆ ನಡೆಯುತ್ತಾ ಏನೋ ಕೇಳಿದರು, ಅವಳಿಗೆ ಕೇಳಿಸಲಿಲ್ಲ. ಈ ಬಲಗಡೆಗೆ ಬಂದು ಮತ್ತೆ ಹೇಳಿ ಎಂದಳು.

“ಮತ್ತ ನೀರಾಗ ಯಾವಾಗ ಇಳೀತಾನವ್ವಾ? ಅಂವಾ ಜೂನಿಗೆ ಅಂತಾನ.”

ಶಿವರಂಜನಿ ನಿಂತಳು. ಇನ್ನು ಇಳಿಯಕೂಡದೆಂದು ಪೋರ್ಟ್ ಬ್ಲೇರಿನ ಡಾಕ್ಟರೇ ಅವನಿಗೆ ಹೇಳಿದ್ದರು, ಮಧುಕುಮಾರ್ ಎದುರಿಗೇ ಇದ್ದ. ಇನ್ನೊಂದು ಸಲ ಹೇಳಬೇಕಾದ್ದನ್ನು ನುಂಗಿಕೊಳ್ಳಲು ಅವಳಿಂದ ಆಗಲಿಲ್ಲ. ಇನ್ನು ಇಳಿಯುವಂತಿಲ್ಲಮ್ಮ, ಯಾವತ್ತೂ, ಎಂದಳು.

ನೀಲಮ್ಮ ಗೇಟಿನ ಸರಳು ಹಿಡಿದುಕೊಂಡು ರಸ್ತೆ ನೋಡಿದರು. “ನನಗ ಗೊತ್ತಾಗೇತಿ ಅಂತ ಅವಂಗ ಹೇಳಬ್ಯಾಡ,” ಎಂದರು. “ಅಂವಾ ಜೂನ್ ಅಂದ್ರ ನಾನೂ ಜೂನ್ ಅಂತೀನಿ. ತಾನ ಹೇಳೋತನಕ.” ಮೂಗು ಒರೆಸಿಕೊಂಡು ಒಳಗೆ ಹೋದರು.

ಆ ವಾರ ಮತ್ತೆ ಅವಳ ಮನೆಗೆ ಬಂದಾಗ ಮಧುಕುಮಾರ್ ತೆಳ್ಳಗಾಗಿದ್ದ. ಆ ಕಿವಿಯ ಮಾತಿಗೆ ಕ್ಷಮೆ ಕೇಳಲು ಎರಡು ಸಲ ಬಾಯಿ ತೆರೆದ. ಅವಳೇ ಬೇರೆ ಮಾತು ತೆಗೆದಳು. ತಾರೀಖು ನೀವೇ ಹೇಳಿ ಅಕ್ಕ, ನಾನು ಎದುರಾಡುವುದಿಲ್ಲ ಎಂದ. ಅವಳು ಬುಕ್ ಮಾಡಿದ್ದ ಎಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, ಯಾಕೆ ತಡ ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಕೆಲವರು ಕಾಯುತ್ತೇವೆ ಎಂದರು. ನಾಗರಬಾವಿಯ ಲಾ ಕಾಲೇಜಿನ ತನ್ಮಯಿ ಎಂಬ ಹುಡುಗಿ, ಹಾಗಾದರೆ ಇನ್ನೊಂದು ಸೆಂಟರಿಗೆ ಹೋಗ್ತೀನಿ ಆಂಟಿ, ಅವರು ತೆಗೆದಿದ್ದಾರಲ್ಲ ಎಂದಳು. ಯಾವಾಗಲಾದರೊಮ್ಮೆ ಬರತೊಡಗಿದ್ದ ಹಡಗಿನಲ್ಲಿ ಹೋಗಿಬಂದಳು ಕೂಡ. ಡಿಸೆಂಬರ್ ಹದಿನೆಂಟರಿಂದ ಜನವರಿ ಕೊನೆಯವರೆಗೆ ಆ ಸೆಂಟರಿನವರು ಜನರನ್ನು ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ. ಸುಬಲ್‌ದಾ ಕೂಡ ಆ ಆರು ವಾರ ಅವರ ದೋಣಿಯಲ್ಲೇ ದುಡಿದ, ಆ ದುಡಿಮೆಯಲ್ಲೇ ಮನೆಗೆ ತಗಡು ಹೊದಿಸಿದ. ಅದನ್ನು ಅವನು ಫೋನಿನಲ್ಲಿ ಸಂತೋಷವಾಗಿ ಹೇಳಿದಾಗ ಶಿವರಂಜನಿಗೆ ತಾನು ಮಾಡಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯದೆ ಹೋಯಿತು.

ಜನವರಿ ಕೊನೆಗೆ ಹಡಗು ದಿನಾ ಓಡತೊಡಗಿತು, ದ್ವೀಪಕ್ಕೆ ಡಾಕ್ಟರೂ ಬಂದರು. ಫೆಬ್ರವರಿ ಹತ್ತು ಎಂದು ಅವಳು ತಾರೀಖು ಹಾಕಿದಳು. ಅವತ್ತು ನಾಲ್ಕೇ ಜನ ನೀರಿಗಿಳಿದರು, ನಾಲ್ಕೂ ಜನ ನಗುತ್ತಾ ಮೇಲೆ ಬಂದರು.

ಅದೇ ವಾರ ಕಲ್ಮೇಶ ಊರಿಗೆ ಹೊರಟ. ಮಧುಕುಮಾರ್ ತನ್ನ ಕಾರಿನಲ್ಲೇ ಬಿಟ್ಟುಬರುವವನಿದ್ದ. ಶಿವರಂಜನಿ ಬೆಳಿಗ್ಗೆಯೇ ಕೆಂಗೇರಿಗೆ ಹೋಗಿ ಅವರ ಗಂಟುಗಳನ್ನು ಕಾರಿಗೆ ಇಡಲು ಕೈಜೋಡಿಸಿದಳು. ಕೋಲು ಹಿಡಿದು ಕಾರಿನ ತನಕ ಅವನು ಒಬ್ಬನೇ ನಡೆದ, ಯಾರನ್ನೂ ಹಿಡಿಯಲು ಬಿಡಲಿಲ್ಲ. ಕಾರು ಹೊರಡುವ ಮೊದಲು ಗಾಜು ಇಳಿಸಿದ. ಅವಳು ಬಲಗಿವಿ ಹತ್ತಿರ ತಂದು ಬಗ್ಗಿದಳು.

“ಅಕ್ಕಾ, ಸ್ವಲ್ಪ ದಿನ ಫೋನ್ ಮಾಡಬ್ಯಾಡ್ರಿ. ಸಿಟ್ಟಿಲ್ಲ ನನಗ. ನಾನ ಮಾಡ್ತೀನಿ.”

“ಆಯ್ತಪ್ಪ,” ಎಂದಳು.

ನೀಲಮ್ಮ ಹಿಂದಿನ ಸೀಟಿನಿಂದ ಕೈ ಬೀಸಿದರು. ಕಾರು ಮೈಸೂರು ರಸ್ತೆಯ ಗದ್ದಲದಲ್ಲಿ ಸೇರಿಹೋಗುವ ತನಕ ನಿಂತಿದ್ದು, ಅವಳು ಮೆಟ್ರೋ ಹತ್ತಿ ಮನೆಗೆ ಬಂದಳು. ಈಗ ಮಾರ್ಚ್ ಅರ್ಧ ಕಳೆದಿದೆ. ಅವನು ಫೋನ್ ಮಾಡಿಲ್ಲ. ಅವಳೂ ಮಾಡಿಲ್ಲ.