ನಡುವೆ ಬರೆದ ಹೆಸರು

ಸೇತುರಾಮನಿಗೆ ನಾಟಕದ ಹುಚ್ಚು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ರಾಜ್ಯೋತ್ಸವ ಬಂತೆಂದರೆ ಅಲ್ಲಿನ ಕನ್ನಡ ಸಂಘಕ್ಕೆ ಅವನದೇ ನಾಟಕ. ಆದರೆ ಎಂಬತ್ತನಾಲ್ಕರಲ್ಲಿ, ಆರ್.ಟಿ. ನಗರದಲ್ಲಿ ಮನೆ ಕಟ್ಟಿಸಿಕೊಂಡು ಬಂದ ಮೇಲೆ, ಒಂದು ಸಾಲೂ ಹುಟ್ಟದೆ ಒದ್ದಾಡಿದ.

ಆಗಲೇ ಕಾರ್ಖಾನೆಗೆ ತರಬೇತಿ ಕೊಡಲು ಬಂದವರೊಬ್ಬರು ಉಪಾಯ ಹೇಳಿಕೊಟ್ಟರು. "ಹಾಳೆ ನಡುವೆ ಒಂದು ಪದ ಬರೀರಿ. ಅದರಿಂದ ಕೊಂಬೆ ಎಳೀರಿ, ಕೊಂಬೆಗೊಂದು ಪದ. ಸರೀನಾ ತಪ್ಪಾ ಅಂತ ಯೋಚಿಸ್ಬೇಡಿ, ಕೈ ನಿಲ್ಲಿಸ್ಬೇಡಿ. ಮೈಂಡ್ ಮ್ಯಾಪ್ ಅಂತಾರೆ ಇದಕ್ಕೆ."

ಭಾನುವಾರ ಬೆಳಿಗ್ಗೆ ಸೇತುರಾಮ ಜಗಲಿಯಲ್ಲಿ ಕೂತು ನಡುವೆ 'ಮದುವೆ' ಎಂದು ಬರೆದ. ಚಪ್ಪರ, ಹಸಿರು, ಬಳೆ ಎಂದು ಹರಿದ ಕೊಂಬೆಯ ತುದಿಗೆ 'ಅಕ್ಕಯ್ಯಮ್ಮ' ಎಂದು ಬಂತು.

"ಯಾರ್ರೀ ಇದು?" ಎಂದಳು ಹೆಂಡತಿ ತುಂಗಾ.

"ಗೊತ್ತಿಲ್ಲ ಕಣೇ. ಕೈಗೆ ಬಂತು, ಬರೆದೆ."

ಆಮೇಲೆ 'ರೈಲು' ಎಂದು ಶುರುಮಾಡಿದ. ಹೊಗೆ, ಮೋಡ, ಮಳೆ, ಅಕ್ಕಯ್ಯಮ್ಮ. ತುಂಗಾ ನಗುತ್ತಾ ತಾನೇ 'ಉಪ್ಪು' ಎಂದು ಪದ ಕೊಟ್ಟಳು. ಅಲ್ಲಿಯೂ ಅದೇ ಹೆಸರು ಬಂದಾಗ ಅವಳ ನಗು ನಿಂತಿತು. ಸೇತುರಾಮನ ಅಕ್ಷರ ಅಚ್ಚಿನಂತೆ ದುಂಡಗೆ. ಆ ಹೆಸರು ಮಾತ್ರ ಆಗಷ್ಟೇ ಬರೆಯಲು ಕಲಿತವರು ತಿದ್ದಿದಂತೆ ಸೊಟ್ಟಗೆ, ದಪ್ಪಗೆ ಇತ್ತು.

"ಅದನ್ನೇ ನಡುವೆ ಬರೀರಿ," ಎಂದಳು ತುಂಗಾ, ಸಣ್ಣ ದನಿಯಲ್ಲಿ. "ಏನು ಬೇಕಂತೆ, ನೋಡೇಬಿಡೋಣ."

ಬರೆದ. ಪೆನ್ಸಿಲು ಅವನ ಕೈಯನ್ನೇ ಎಳೆದುಕೊಂಡು ಓಡಿತು. ತಮ್ಮ, ಜ್ವರ, ನೀರು, ಬಿಂದಿಗೆ, ಜಡಿಮಳೆ, ಬಾವಿಕಟ್ಟೆ, ಜಾರಿತು. ಉಳಿದ ಕೊಂಬೆಗಳ ತುದಿಗೆಲ್ಲ ಒಂದೇ ಪದ: ಮಣ್ಣು, ಮಣ್ಣು, ಮಣ್ಣು. ಹೊರಗೆ ಸುಡುಬಿಸಿಲು, ಜಗಲಿಯ ತುಂಬ ಹಸಿ ಮಣ್ಣಿನ ವಾಸನೆ.

ಹೆದರಿಕೆಯಾಯಿತು, ನಿಜ. ಆದರೂ ತಿಂಗಳುಗಟ್ಟಲೆ ಕಾದವನಿಗೆ ಕತೆ ಸಿಕ್ಕಿತ್ತು; ಬಿಡಲು ಮನಸ್ಸು ಬರಲಿಲ್ಲ. ವಾರದೊಳಗೆ ನಾಟಕ ಸಿದ್ಧವಾಯಿತು. ಜ್ವರದ ತಮ್ಮನಿಗೆ ನೀರು ತರಲು ಮಳೆಯಲ್ಲಿ ಹೋದ ಹುಡುಗಿ, ಕುಸಿದ ಬಾವಿ. ತಮ್ಮನಿಗೆ ಪುಟ್ಟ ಎಂದು ಹೆಸರಿಟ್ಟ. ಅಕ್ಕಯ್ಯಮ್ಮನ ಪಾತ್ರಕ್ಕೆ ಕಾರ್ಖಾನೆಯ ಟೈಪಿಸ್ಟ್ ಗೋದಾ ಒಪ್ಪಿದಳು.

ಮನೆಯ ಜಗಲಿಯಲ್ಲೇ ತಾಲೀಮು. ಆ ಹೊತ್ತಿಗೆ ಪಿಳ್ಳಣ್ಣ ಬಂದ. ಬಡಾವಣೆ ಆಗುವ ಮುಂಚೆ ಅಲ್ಲೆಲ್ಲ ಅವನ ಮನೆತನದ ತೋಟವಿತ್ತು. ಈಗಲೂ ಆ ಕಡೆ ಬಂದಾಗ ಮಾತಾಡಿಸಿ ಹೋಗುವ ರೂಢಿ. ಗೋದಾ ಹೇಳುತ್ತಿದ್ದ ಮಾತು ಕೇಳಿ ಗೇಟಿನಲ್ಲೇ ನಿಂತುಬಿಟ್ಟ.

"ಇದ್ ಯಾರ್ ಏಳುದ್ರು ನಿಮ್ಗೆ, ಸಾಮಿ?"

"ಯಾರೂ ಹೇಳಲಿಲ್ಲ ಪಿಳ್ಳಣ್ಣ. ಯಾಕೆ?"

"ಅಕ್ಕಯ್ಯಮ್ಮ ನಮ್ಮಕ್ಕ ಕಣ್ ಸಾಮಿ. ಜ್ವರ ಬಂದು ನೀರು ನೀರು ಅಂತಿದ್ದೋನು ನಾನು. ಬೆಳಗೆದ್ರೆ ಅಕ್ಕ ಇಲ್ಲ. ನಾಟಕದ ಕಂಪನಿಯೋನ ಜೊತೆ ಓಡೋದ್ಲು ಅಂತ ಊರೆಲ್ಲಾ ಅಂತು. ಅವಳ ಎಸ್ರು ಎತ್ತಬ್ಯಾಡಿ ಅಂತ ನಮ್ಮಪ್ಪ ಆಣೆ ಆಕಿಸ್ಕೊಂಡ. ನಲವತ್ತು ವರ್ಷ ಆತು, ನಾನೂ ಎತ್ಲಿಲ್ಲ."

"ಬಾವಿ ಏನಾಯ್ತು?"

"ಅದೇ ಮಳೆಗೆ ಕುಸ್ದಿತ್ತು. ಮಣ್ ಉಯ್ದು ಮುಚ್ಸುದ್ರು."

"ಎಲ್ಲಿತ್ತು ಅದು?"

ಪಿಳ್ಳಣ್ಣ ಗೋದಾಳ ಕಾಲ ಕೆಳಗಿನ ನೆಲವನ್ನೇ ನೋಡುತ್ತಿದ್ದ. ಅವಳು ಬೆಂಕಿ ತುಳಿದವಳಂತೆ ಪಕ್ಕಕ್ಕೆ ಸರಿದಳು.

ಅಗೆಯುವ ಮಾತನ್ನು ಯಾರೂ ಎತ್ತಲಿಲ್ಲ. ಶುಕ್ರವಾರ ಪಿಳ್ಳಣ್ಣ ಸೀರೆ, ಹಸಿರು ಬಳೆ, ಅರಿಶಿನ ಕುಂಕುಮ ತಂದು ಜಗಲಿಯ ಮೇಲಿಟ್ಟ. ತುಂಗಾ ದೀಪ ಹಚ್ಚಿದಳು. ಅವನು ನೆಲಕ್ಕೆ ಹಣೆ ಹಚ್ಚಿ, ಬೀದಿಗೆಲ್ಲ ಕೇಳುವಂತೆ, "ಅಕ್ಕಯ್ಯಮ್ಮಾ, ತೆಪ್ಪಾತು ಕಣಕ್ಕಾ" ಎಂದು ಕೂಗಿ ಅತ್ತ.

"ನಾಟಕದಲ್ಲಿ ಹೆಸರು ಬದಲಾಯಿಸ್ತೀನಿ," ಎಂದ ಸೇತುರಾಮ.

"ಬ್ಯಾಡಿ ಸಾಮಿ. ಓಡೋದೋಳು ಅಂತ ಅಂದೋರೆಲ್ಲಾ ಬಂದು ಕೇಳ್ಲಿ."

ಪ್ರದರ್ಶನಕ್ಕೆ ಪಿಳ್ಳಣ್ಣನ ಊರಿನವರೂ ಬಂದು ಮುಂದಿನ ಸಾಲುಗಳಲ್ಲಿ ಕೂತರು. ಬಾವಿಯ ದೃಶ್ಯ ಮುಗಿಯಿತು. ಪರದೆ ಬೀಳುವ ತನಕ ಗೋದಾ ಸುಮ್ಮನೆ ಮಲಗಿರಬೇಕಿತ್ತು. ಅವಳು ಎದ್ದು ಕೂತಳು. ಸಭೆಯತ್ತ ನೋಡಿ, ತನ್ನದಲ್ಲದ ದನಿಯಲ್ಲಿ ಕೇಳಿದಳು:

"ಪಿಳ್ಳಾ, ಜ್ವರ ಬಿಡ್ತೇನೋ?"

ಪರದೆಯ ಪಕ್ಕದಲ್ಲಿ ನಿಂತಿದ್ದ ಸೇತುರಾಮ ಕೈಯಲ್ಲಿದ್ದ ಹಸ್ತಪ್ರತಿ ತಿರುವಿ ನೋಡಿದ. ಆ ಸಾಲನ್ನು ಅವನು ಬರೆದಿರಲಿಲ್ಲ.

ಮುಂದಿನ ಸಾಲಿನಲ್ಲಿ ನರೆತ ತಲೆಯ ಪಿಳ್ಳಣ್ಣ ಎದ್ದು ನಿಂತ. ಕೈಕಟ್ಟಿಕೊಂಡು, ಎಳೆ ಹುಡುಗನಂತೆ, "ಊಂ ಕಣಕ್ಕಾ, ಬಿಡ್ತು," ಎಂದ.

ಗೋದಾ ತಲೆಯಾಡಿಸಿ ಮತ್ತೆ ಮಲಗಿದಳು. ಪರದೆ ಬಿತ್ತು.